72 ಸಾವಿರ ಕಿಲೋಮೀಟರ್ ಸುತ್ತಿ ಬಂದ ‘ಹಲೋ’

ಅನಂತಪುರ ಜಿಲ್ಲೆಯ ಕಣೇಕಲ್ಲಿನ ಕಡೆ ಹಗರಿ ಹೊಳೆಯ ಮರಳು ಗಾಳಿಗೆ ದಿಬ್ಬವಾಗಿ ಹೊಲಕ್ಕೆ ನುಗ್ಗುತ್ತದೆ. ಅಲ್ಲಿ ಮಾಳಿಗೆ ಮೇಲೆ ಕೂತ ಇಂಟರ್‌ನೆಟ್ ಡಿಶ್ ಹೆಚ್ಚುಕಡಿಮೆ ನೆತ್ತಿಯನ್ನೇ ನೋಡುತ್ತಿರುತ್ತದೆ, ಕೊಂಚ ದಕ್ಷಿಣಕ್ಕೆ ವಾಲಿ. ದೆಹಲಿಯ ಡಿಶ್ ಇಷ್ಟು ತಲೆ ಎತ್ತುವುದಿಲ್ಲ. ಉಪಗ್ರಹ ನಿಂತಿರುವುದು ಸಮಭಾಜಕ ವೃತ್ತದ ಮೇಲೆ, 35,786 ಕಿ.ಮೀ. ಎತ್ತರದಲ್ಲಿ. ಕಣೇಕಲ್ಲಿನಿಂದ ಬಳ್ಳಾರಿ ಎಷ್ಟು ಮಹಾ ದೂರ? 1953ರ ಅಕ್ಟೋಬರ್ 1ರವರೆಗೆ ಈ ಊರಿನ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯದೇ. ಈಗಲೂ ವ್ಯಾಪಾರ, ಬೀಗತನಕ್ಕೆ ಆ ಕಡೆಗೇ ಮುಖ. ಆದರೆ ಈ ಡಿಶ್ ಹಿಡಿದು ಬಳ್ಳಾರಿಗೆ ಇಂಟರ್‌ನೆಟ್ ಕರೆ ಮಾಡಿದರೆ, ‘ಹಲೋ’ ಮೇಲೆ ಹತ್ತಿ ಕೆಳಗಿಳಿಯುವಷ್ಟರಲ್ಲಿ 72 ಸಾವಿರ ಕಿ.ಮೀ. ದಾಟಿರುತ್ತದೆ.

ಹಳ್ಳಿಗೂ ಉಪಗ್ರಹಕ್ಕೂ ನಂಟು ಬೆಳೆದದ್ದು 1975ರ ಆಗಸ್ಟ್ 1ರಿಂದ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ತಂದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದರು, ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. ಆಗ ಆಕಾಶ ಹೇಳುತ್ತಿತ್ತು, ಊರು ಕೇಳುತ್ತಿತ್ತು. ಮರುಮಾತಿಗೆ ದಾರಿಯಿರಲಿಲ್ಲ. 1981ರಲ್ಲಿ ನಮ್ಮದೇ ‘ಆ್ಯಪಲ್’ ಉಪಗ್ರಹ ಹಾರಿತು. ಬೆಂಗಳೂರಿನಲ್ಲಿ ಅದನ್ನು ಎತ್ತಿನಗಾಡಿಯ ಮೇಲಿಟ್ಟ ಚಿತ್ರ ನೋಡಿ ಬಡತನವೆಂದು ನಕ್ಕವರುಂಟು. ಲೋಹದ ವಾಹನ ಆಂಟೆನಾ ಪರೀಕ್ಷೆಗೆ ಅಡ್ಡಿಯಾಗುತ್ತದೆಂದು ಮರದ ಗಾಡಿ ಹುಡುಕಿದ್ದು ಜಾಣತನ.

ಅತ್ತ ತಂತಿಯ ಫೋನೂ ಹಳ್ಳಿಗೆ ಹೊರಟಿತ್ತು. ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೂತದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಆದರೂ ತಂತಿ ತಲುಪದ ಊರುಗಳು ಉಳಿದೇ ಉಳಿದವು. 2004ರಲ್ಲಿ ಫೋನಿಲ್ಲದ 66,822 ಹಳ್ಳಿಗಳ ಕೆಲಸ ಬಿಎಸ್‌ಎನ್‌ಎಲ್‌ಗೆ ಬಂದಾಗ, ಅವುಗಳಲ್ಲಿ 14,183ಕ್ಕೆ ಉಪಗ್ರಹ ಫೋನೇ ಗತಿ ಎಂದು ಬರೆದುಕೊಂಡರು.

ಮಾತನ್ನು ಇಂಟರ್‌ನೆಟ್ಟಿಗೆ ಹಾಕಿದರೆ ಅಗ್ಗ ಎಂಬ ಲೆಕ್ಕ ನಿಜ. ಆದರೆ ಉಪಗ್ರಹದಲ್ಲಿ ಅದಕ್ಕೊಂದು ಕೊಕ್ಕೆಯಿದೆ. ಸೆಕೆಂಡಿನ ಐವತ್ತನೇ ಒಂದು ಭಾಗದ ಮಾತನ್ನು ಹಿಂಡಿ 20 ಬೈಟ್‌ಗೆ ಇಳಿಸಬಹುದು. ಅದರ ಮೇಲೆ ವಿಳಾಸ ಬರೆಯಲು 40 ಬೈಟ್ ಬೇಕು. ಕಾಗದಕ್ಕಿಂತ ಲಕೋಟೆಯೇ ಭಾರ! ಹೀಗೆ 8 ಕಿಲೋಬಿಟ್‌ನ ಮಾತು 24 ಆಗುತ್ತದೆ. ಬಾಡಿಗೆ ದುಬಾರಿಯಾದ ಆಕಾಶದಲ್ಲಿ ಈ ಲಕೋಟೆಯನ್ನು ತೆಳ್ಳಗೆ ಮಾಡಲು ಎಂಜಿನಿಯರುಗಳು ಬೇರೆಯೇ ವಿದ್ಯೆ ಕಲಿಯಬೇಕಾಯಿತು.

ಕಾಲವನ್ನು ಮಾತ್ರ ಹಿಂಡಲಾಗದು. 72 ಸಾವಿರ ಕಿ.ಮೀ.ಗೆ ಬೆಳಕಿನ ವೇಗದಲ್ಲೂ ಕಾಲು ಸೆಕೆಂಡು ಹಿಡಿಯುತ್ತದೆ. ಮಾತು ಸಲೀಸಾಗಿರಲು 150 ಮಿಲಿಸೆಕೆಂಡಿನೊಳಗೆ ತಲುಪಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಎರಡು ಹಳ್ಳಿಗಳಲ್ಲೂ ಡಿಶ್ ಇದ್ದರಂತೂ ಇನ್ನೂ ಪಜೀತಿ: ಕರೆ ಮೊದಲು ದೂರದ ಕೇಂದ್ರ ಭೂನಿಲ್ದಾಣಕ್ಕೆ (ಹಬ್) ಇಳಿದು ಮತ್ತೆ ಮೇಲೇರಿ ಬರುತ್ತದೆ. ಪ್ರಶ್ನೆ ಕೇಳಿ ಉತ್ತರ ಕಿವಿಗೆ ಬೀಳಲು ಒಂದು ಸೆಕೆಂಡು. ಇತ್ತಲಿಂದ ‘ಮಳೆ ಬಂತೇನಪ್ಪಾ?’ ಎನ್ನುತ್ತಾರೆ. ಸದ್ದಿಲ್ಲ. ಕೇಳಿಸಲಿಲ್ಲವೇನೋ ಎಂದು ‘ಹಲೋ, ಹಲೋ’ ಎನ್ನುವಾಗಲೇ ‘ಎಲ್ಲಿ ಮಳೆ’ ಎಂಬ ಉತ್ತರ ಬಂದು ಡಿಕ್ಕಿ ಹೊಡೆಯುತ್ತದೆ. ಇಬ್ಬರೂ ನಿಲ್ಲಿಸುತ್ತಾರೆ. ‘ನೀನೇ ಹೇಳು.’ ‘ಇಲ್ಲ, ನೀನೇ ಹೇಳು.’

ಅಂದಹಾಗೆ ಮಳೆ. ಜೋರು ಮಳೆಗೆ ಡಿಟಿಎಚ್ ಚಿತ್ರ ಹಾರಿಹೋಗುವಂತೆ ಅದೇ ತರಂಗಗಳನ್ನು ಬಳಸುವ ಕೆಯು ಬ್ಯಾಂಡಿನ ಕರೆಯೂ ಹೋಗುತ್ತದೆ. ಅನಂತಪುರ ಜಿಲ್ಲೆಗೆ ಆ ಭಾಗ್ಯ ಕಮ್ಮಿ. ಇಲ್ಲಿ ಡಿಶ್‌ಗೆ ಕಾಟ ಗಾಳಿಯದು. ಸ್ವಲ್ಪ ಕದಲಿಸಿದರೂ ಸಿಗ್ನಲ್ ಗೋತಾ.

ನಿಯಮದ ತೊಡಕು ಇನ್ನೊಂದಿತ್ತು. ಇಂಟರ್‌ನೆಟ್ ಕರೆಗೆ ಭಾರತ ಅನುಮತಿ ಕೊಟ್ಟದ್ದು 2002ರ ಏಪ್ರಿಲ್ 1ರಂದು. ಆಗ ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಮಾತಾಡಬಹುದಿತ್ತು, ದೇಶದೊಳಗಿನ ಫೋನಿಗೆ ಕೂಡದಾಗಿತ್ತು. ಅಂದರೆ ಕಣೇಕಲ್ಲಿನಿಂದ ಕ್ಯಾಲಿಫೋರ್ನಿಯಾ ಸರಿ, ಬಳ್ಳಾರಿ ತಪ್ಪು! ತಡ ಅಡ್ಡಿಯಾಗದ ಕೆಲಸವೂ ಇತ್ತು: ಅದೇ ವರ್ಷ ಇಸ್ರೋ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯದ ಜತೆ ಮಾತಾಡತೊಡಗಿದವು. ಇಸಿಜಿ ಹಿಡಿದು ಕೂತ ವೈದ್ಯರಿಗೆ ಅರ್ಧ ಸೆಕೆಂಡು ಯಾವ ಲೆಕ್ಕ?

ದೇಶದೊಳಗಿನ ನಂಬರಿಗೂ ಆ್ಯಪ್‌ನಿಂದ ಕರೆ ಮಾಡುವ ದಾರಿ ತೆರೆದದ್ದು 2018ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ 5,854 ಕಿಲೋ ತೂಕದ ಜಿಸ್ಯಾಟ್-11 ಹಾರಿ ಆಕಾಶದ ಇಂಟರ್‌ನೆಟ್ಟಿಗೆ ಅಗಲ ಕೊಟ್ಟಿತು. ಎತ್ತರ ಮಾತ್ರ ಅಷ್ಟೇ. ಕಾಲು ಸೆಕೆಂಡು ಎಲ್ಲೂ ಹೋಗಲಿಲ್ಲ. ಅದನ್ನು ಕಳೆಯಲು ಉಪಗ್ರಹವನ್ನೇ ಕೆಳಗಿಳಿಸಬೇಕಿತ್ತು. ಒನ್‌ವೆಬ್ ಕಂಪನಿಯವು 1,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ, 2022 ಮತ್ತು 2023ರಲ್ಲಿ ಇಸ್ರೋ ತಲಾ 36ನ್ನು ಹಾರಿಸಿಕೊಟ್ಟಿತು. ಸ್ಟಾರ್‌ಲಿಂಕ್‌ನವು 550 ಕಿ.ಮೀ. ಆಸುಪಾಸಿನಲ್ಲಿವೆ, 2025ರ ಜೂನ್‌ನಲ್ಲಿ ಅದಕ್ಕೆ ಇಲ್ಲಿ ಪರವಾನಗಿ ಸಿಕ್ಕಿತು. ಇವು ನಿಂತಲ್ಲಿ ನಿಲ್ಲುವುದಿಲ್ಲ. ನಿಮಿಷಗಳಲ್ಲಿ ಒಂದು ಮರೆಯಾಗಿ ಇನ್ನೊಂದು ಬರುತ್ತದೆ, ಕರೆ ಕೈಯಿಂದ ಕೈಗೆ ದಾಟುತ್ತದೆ.

ಈಗ ಟವರ್ ಇಲ್ಲದ ತೋಟದ ಮನೆಯಲ್ಲೂ ಡಿಶ್‌ಗೆ ವೈಫೈ ಜೋಡಿಸಿದರೆ ಮಾಮೂಲಿ ಮೊಬೈಲ್ ನಂಬರೇ ರಿಂಗಾಗುತ್ತದೆ. ಡಿಶ್ ಹಳೆಯ ಎತ್ತರದ ಉಪಗ್ರಹದ್ದಾದರೆ ಮಾತ್ರ ಬಳ್ಳಾರಿಯಲ್ಲಿ ಫೋನೆತ್ತಿದ ಮಗ ಒಂದು ಗಳಿಗೆ ಕಾದು ಕೇಳುತ್ತಾನೆ: ‘ಯಾಕವ್ವಾ, ಸುಮ್ಮನಾದೆ?’