ಕೆಲಸ ಹೋದ ಕೈಗೆ ಹೊಸ ವಿದ್ಯೆ

‘ಕೆಲಸದಿಂದ ತೆಗೆದರು’ ಎಂಬ ಒಂದೇ ಮಾತಿನಲ್ಲಿ ನಾವು ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಹೇಳಿಬಿಡುತ್ತೇವೆ. ದಿನಬಳಕೆಯ ಮಾತಿಗೆ ಇದರಿಂದ ಕೊರತೆಯೇನೂ ಇಲ್ಲ. ಆದರೆ ಕಾನೂನು ಪದಗಳನ್ನು ಇಷ್ಟು ಸಡಿಲವಾಗಿ ಬಳಸುವುದಿಲ್ಲ. ಕೆಲಸ ಕಳೆದುಕೊಂಡವನಿಗೆ ಸಲ್ಲಬೇಕಾದ ನೆರವು, ಅದರಲ್ಲಿಯೂ ಹೊಸ ಕಸಬನ್ನು ಕಲಿಯುವುದಕ್ಕೆ ಸಲ್ಲಬೇಕಾದ ನೆರವು, ಅವನ ಕೈಗೆ ಬಂದ ಕಾಗದದಲ್ಲಿ ಯಾವ ಪದ ಬರೆದಿದೆ ಎಂಬುದನ್ನು ಆಶ್ರಯಿಸಿದೆ. ಆದುದರಿಂದ ವಾಚಕರು ಮೊದಲು ಪದಗಳ ಅರ್ಥವನ್ನು ಕುರಿತು ನಾಲ್ಕು ಮಾತು ಕೇಳುವ ತಾಳ್ಮೆ ತೋರಬೇಕೆಂದು ಕೋರುತ್ತೇನೆ.

ಮೊದಲನೆಯದು ಲೇ-ಆಫ್. ಕಚ್ಚಾ ಮಾಲು ಬರಲಿಲ್ಲ, ವಿದ್ಯುತ್ತು ನಿಂತಿತು, ಯಂತ್ರ ಕೆಟ್ಟಿತು. ಇಂಥ ಕಾರಣಗಳಿಂದ ಮಾಲೀಕನು ಕೆಲಸ ಕೊಡಲಾರದೆ ಹೋಗುತ್ತಾನೆ. ಆಗ ಹಾಜರಿ ಪುಸ್ತಕದಲ್ಲಿ ಹೆಸರು ಉಳಿದೇ ಇರುತ್ತದೆ, ನೌಕರಿ ಹೋಗಿರುವುದಿಲ್ಲ. ಎರಡನೆಯದು ರಿಟ್ರೆಂಚ್‌ಮೆಂಟ್, ಎಂದರೆ ನೌಕರಿ ಕಡಿತ. ಯಾವ ತಪ್ಪಿಗೂ ಶಿಕ್ಷೆಯಾಗಿ ಅಲ್ಲದೆ, ಜನ ಹೆಚ್ಚಾದರೆಂದೋ ಹೊಸ ಯಂತ್ರ ಬಂತೆಂದೋ ಮಾಲೀಕನೇ ನೌಕರಿಯನ್ನು ಕೊನೆಗಾಣಿಸುವುದು. ಮೂರನೆಯದು ಮುಚ್ಚುಗಡೆ: ಕಾರ್ಖಾನೆಯೇ ಬಾಗಿಲು ಹಾಕುವುದು. ನಾಲ್ಕನೆಯದು ಸ್ವಯಂ ನಿವೃತ್ತಿ ಅಥವಾ ರಾಜೀನಾಮೆ. ಹೊರಗಿನಿಂದ ನೋಡುವವರಿಗೆ ಕೊನೆಯ ಮೂರೂ ಒಂದೇ; ಮನೆಯ ಯಜಮಾನ ಬೆಳಗ್ಗೆ ಬುತ್ತಿ ಕಟ್ಟಿಸಿಕೊಂಡು ಹೊರಡುವುದಿಲ್ಲ, ಅಷ್ಟೆ. ಫಲದಲ್ಲಿ ಮಾತ್ರ ಬಹಳ ಅಂತರವಿದೆ.

ನಮ್ಮ ದೇಶದಲ್ಲಿ ಈ ವಿಷಯದ ಮೂಲ ಕಾನೂನು 1947ರ ಕೈಗಾರಿಕಾ ವಿವಾದಗಳ ಅಧಿನಿಯಮ. 1953ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ, ಲೇ-ಆಫ್ ಆದವನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯದ ಅರ್ಧದಷ್ಟು ಪರಿಹಾರವೆಂದೂ, ಕಡಿತವಾದವನಿಗೆ ಒಂದು ತಿಂಗಳ ಮುನ್ಸೂಚನೆ ಅಥವಾ ಅದಕ್ಕೆ ಬದಲಾಗಿ ಆ ತಿಂಗಳ ಸಂಬಳ, ಮತ್ತು ಸೇವೆ ಸಲ್ಲಿಸಿದ ಪ್ರತಿ ವರ್ಷಕ್ಕೂ ಹದಿನೈದು ದಿನದ ಸಂಬಳವೆಂದೂ ಗೊತ್ತುಮಾಡಿದರು. ಕೊನೆಗೆ ಸೇರಿದವನು ಮೊದಲು ಹೋಗಬೇಕೆಂಬ ನಿಯಮವೂ ಆಗಲೇ ಬಂದಿತು. 2025ರ ನವೆಂಬರ್ 21ರಿಂದ ಆ ಕಾನೂನಿನ ಸ್ಥಾನಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹದಿನೈದು ದಿನದ ಲೆಕ್ಕ ಅಲ್ಲಿಯೂ ಹಾಗೆಯೇ ಮುಂದುವರಿದಿದೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಪರಿಹಾರವೆಲ್ಲ ಹಿಂದಿನ ದುಡಿಮೆಗೆ ಕೊಟ್ಟ ಹಣ. ಮುಂದಿನ ದುಡಿಮೆಗೆ ಅದರಲ್ಲಿ ದಾರಿಯಿಲ್ಲ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಒಟ್ಟಿಗೆ ಬಂದ ಹಣ ಮಗಳ ಮದುವೆಗೆ, ಹಳೆಯ ಸಾಲಕ್ಕೆ, ಸೋರುವ ಮಾಡಿನ ರಿಪೇರಿಗೆ ಹೋಗುವುದು ಸಹಜ. ಅದನ್ನು ದುಂದೆಂದು ಯಾರೂ ಹಳಿಯಲಾಗದು. ಆದರೆ ಒಂದೆರಡು ವರ್ಷದಲ್ಲಿ ಕುಡಿಕೆ ಬರಿದಾಗುತ್ತದೆ. ಅಷ್ಟರಲ್ಲಿ ಕೈಗೆ ಇನ್ನೊಂದು ಕಸಬು ಬಂದಿರಬೇಕು.

ಸರ್ಕಾರಕ್ಕೂ ಇದು ತಿಳಿಯದ ವಿಷಯವಲ್ಲ. 1992ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ನವೀಕರಣ ನಿಧಿಯನ್ನು ಸ್ಥಾಪಿಸಿತು. ಕೆಲಸ ಕಳೆದುಕೊಂಡವರಿಗೆ ಪರಿಹಾರ, ಮರುತರಬೇತಿ, ಹೊಸ ಉದ್ಯೋಗ ಈ ಮೂರೂ ಅದರ ಉದ್ದೇಶವಾಗಿದ್ದುವು. ನಡೆದದ್ದೇನೆಂದರೆ, ಹಣದ ಬಹುಭಾಗ ಸರ್ಕಾರಿ ಉದ್ಯಮಗಳ ಸ್ವಯಂ ನಿವೃತ್ತಿಯ ಪಾವತಿಗೇ ಹೋಯಿತು. ತರಬೇತಿಗೆ ಉಳಿದದ್ದು ಅತ್ಯಲ್ಪ. 2000ದಲ್ಲಿ ಆ ನಿಧಿಯನ್ನೇ ರದ್ದುಮಾಡಿದರು. ಅನಂತರ ಕೇಂದ್ರೋದ್ಯಮಗಳಿಂದ ಹೊರಬಂದವರಿಗಾಗಿ ಸಲಹೆ, ಮರುತರಬೇತಿ, ಮರುನಿಯೋಜನೆ ಎಂಬ ಮೂರಂಗದ ಯೋಜನೆಯೊಂದು ನಡೆಯಿತು. ಅದರ ತರಬೇತಿಗಳ ಅವಧಿ ಮೂವತ್ತು, ನಲವತ್ತೈದು ಅಥವಾ ಅರವತ್ತು ದಿನ. ಇಪ್ಪತ್ತು ವರ್ಷ ಒಂದು ಕೆಲಸದಲ್ಲಿ ಪಳಗಿದ ಕೈ ಎರಡು ತಿಂಗಳಲ್ಲಿ ಇನ್ನೊಂದಕ್ಕೆ ಎಷ್ಟರಮಟ್ಟಿಗೆ ತಿರುಗಬಲ್ಲದು ಎಂಬುದನ್ನು ವಾಚಕರೇ ಊಹಿಸಬಹುದು.

ಈಗ ಜಾರಿಯಲ್ಲಿರುವ ಏರ್ಪಾಡಿಗೆ ಬರೋಣ. ಹೊಸ ಸಂಹಿತೆಯಲ್ಲಿ ‘ಮರುಕೌಶಲ ನಿಧಿ’ ಎಂಬುದೊಂದು ಬಂದಿದೆ. ನೌಕರಿ ಕಡಿತವಾದ ಪ್ರತಿ ಕಾರ್ಮಿಕನ ಲೆಕ್ಕದಲ್ಲಿಯೂ ಮಾಲೀಕನು ಅವನ ಕೊನೆಯ ಸಂಬಳದ ಹದಿನೈದು ದಿನದ ಮೊತ್ತವನ್ನು ಈ ನಿಧಿಗೆ ಕಟ್ಟಬೇಕು. ಆ ಮೊತ್ತ ಕಡಿತವಾದ ನಲವತ್ತೈದು ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಇದು ಮೇಲೆ ಹೇಳಿದ ಪರಿಹಾರವಲ್ಲದೆ ಬೇರೆಯಾಗಿ ಬರುವ ಹಣ.

ಇದಲ್ಲದೆ ಇ.ಎಸ್.ಐ. ಎಂದು ನಾವೆಲ್ಲ ಕರೆಯುವ ನೌಕರರ ರಾಜ್ಯ ವಿಮಾ ನಿಗಮದ ಒಂದು ಯೋಜನೆ 2005ರ ಏಪ್ರಿಲ್ 1ರಿಂದ ಬಂದಿದೆ. ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಎಂದು ಅದರ ಹೆಸರು. ಕಡಿತದಿಂದ ಅಥವಾ ಮುಚ್ಚುಗಡೆಯಿಂದ ಕೆಲಸ ಕಳೆದುಕೊಂಡ ವಿಮಾದಾರನು ಕನಿಷ್ಠ ಎರಡು ವರ್ಷ ವಂತಿಗೆ ಕಟ್ಟಿದ್ದರೆ, ಮೊದಲ ಹನ್ನೆರಡು ತಿಂಗಳು ಸಂಬಳದ ಅರ್ಧ, ಮುಂದಿನ ಹನ್ನೆರಡು ತಿಂಗಳು ಕಾಲುಭಾಗ ನಿರುದ್ಯೋಗ ಭತ್ಯವಾಗಿ ದೊರೆಯುತ್ತದೆ. ಆ ಅವಧಿಯಲ್ಲಿ ಮನೆಯವರಿಗೆ ವೈದ್ಯಕೀಯ ಸೌಲಭ್ಯ ತಪ್ಪುವುದಿಲ್ಲ. ಗೊತ್ತಾದ ಸಂಸ್ಥೆಗಳಲ್ಲಿ ಕಸಬು ಕಲಿತರೆ ಶುಲ್ಕವನ್ನೂ ಪ್ರಯಾಣದ ಖರ್ಚನ್ನೂ ನಿಗಮವೇ ಭರಿಸುವ ಅಂಗವೂ ಈ ಯೋಜನೆಯಲ್ಲಿ ಸೇರಿದೆ.

ಒಂದು ಲೆಕ್ಕ ಹಾಕೋಣ. ತಿಂಗಳಿಗೆ 18,000 ರೂಪಾಯಿ ಸಂಬಳದವನು ಇಪ್ಪತ್ತು ವರ್ಷ ದುಡಿದು ಕಡಿತವಾದನೆನ್ನಿ. ವರ್ಷಕ್ಕೆ ಅರ್ಧ ತಿಂಗಳಿನಂತೆ ಪರಿಹಾರ 1,80,000 ರೂಪಾಯಿ. ಮರುಕೌಶಲ ನಿಧಿಯಿಂದ 9,000. ಇ.ಎಸ್.ಐ. ಭತ್ಯ ಮೊದಲ ವರ್ಷ ತಿಂಗಳಿಗೆ ಸುಮಾರು 9,000, ಎರಡನೆಯ ವರ್ಷ ಸುಮಾರು 4,500. ಈ ಅಂಕೆಗಳನ್ನು ಮುಂದಿಟ್ಟುಕೊಂಡರೆ ಎರಡು ಸಂಗತಿ ಸ್ಪಷ್ಟವಾಗುತ್ತವೆ. ಇಪ್ಪತ್ತು ವರ್ಷ ದುಡಿದವನಿಗೂ ಎರಡು ವರ್ಷ ದುಡಿದವನಿಗೂ ಸಂಬಳ ಒಂದೇ ಆಗಿದ್ದರೆ ಕೌಶಲ ನಿಧಿಯ ಹಣವೂ ಒಂದೇ; ವಯಸ್ಸಾದವನಿಗೆ ಕಲಿಯುವುದು ಕಷ್ಟವೆಂಬ ವಿಚಾರ ಅದರಲ್ಲಿ ಸೇರಿಲ್ಲ. ಎರಡನೆಯದಾಗಿ, ಕಲಿಯುವ ಕಾಲದಲ್ಲಿ ಒಲೆ ಉರಿಯುವುದು ಇ.ಎಸ್.ಐ. ಭತ್ಯದಿಂದ, ಅದು ಅರ್ಧದಷ್ಟಿರುವುದು ಮೊದಲ ವರ್ಷ ಮಾತ್ರ. ಹೊಸ ಕಸಬಿಗೆ ಕೈಹಾಕುವವನು ಆ ಮೊದಲ ವರ್ಷದಲ್ಲಿಯೇ ಕೈಹಾಕಬೇಕು. ಕಾರ್ಖಾನೆ ಮತ್ತೆ ಕರೆದೀತು ಎಂದು ಕಾಯುತ್ತ ಕುಳಿತರೆ ಒಳ್ಳೆಯ ಕಾಲವೇ ಕಳೆದುಹೋಗುತ್ತದೆ. ಕಡಿತವಾದ ಒಂದು ವರ್ಷದೊಳಗೆ ಅದೇ ಕಾರ್ಖಾನೆ ಜನರನ್ನು ಸೇರಿಸಿಕೊಂಡರೆ ಹಳಬರಿಗೆ ಮೊದಲ ಅವಕಾಶ ಕೊಡಬೇಕೆಂದು ಕಾನೂನಿದೆ. ಅದಕ್ಕಾಗಿ ಅಲ್ಲಿ ವಿಳಾಸ ಕೊಟ್ಟಿದ್ದು, ಕಲಿಕೆಯನ್ನು ನಡೆಸುತ್ತಿರಬಹುದು.

ಇನ್ನು ಮೊದಲು ಹೇಳಿದ ಪದಗಳ ಮಾತು. ಸ್ವಯಂ ನಿವೃತ್ತಿ ಎಂದು ರುಜು ಹಾಕಿದವನಿಗೆ ಈ ಇ.ಎಸ್.ಐ. ಭತ್ಯವಿಲ್ಲ, ಅವನು ತಾನಾಗಿಯೇ ಬಿಟ್ಟವನೆಂದು ಲೆಕ್ಕ. ಸ್ವಯಂ ನಿವೃತ್ತಿ ಕಡಿತವೆಂದು ಎಣಿಕೆಯಾಗದ್ದರಿಂದ ಮರುಕೌಶಲ ನಿಧಿಯೂ ಬರುವುದಿಲ್ಲ. ಕಾರ್ಖಾನೆ ಮುಚ್ಚಿದಾಗ ಇ.ಎಸ್.ಐ. ಭತ್ಯ ಬರುತ್ತದೆ, ಆದರೆ ನಿಧಿಯ ಕಲಮಿನಲ್ಲಿ ‘ಕಡಿತವಾದಾಗ ಮಾತ್ರ’ ಎಂಬ ನಿರ್ಬಂಧವಿದೆ. ‘ರಾಜೀನಾಮೆ ಬರೆದುಕೊಡಿ, ಹೆಸರು ಕೆಡದಂತೆ ಹೋಗಬಹುದು’ ಎಂದು ಯಾರಾದರೂ ಮೆತ್ತಗೆ ಹೇಳಿದಾಗ ಕಾರ್ಮಿಕನು ತಲೆದೂಗುವುದು ಮಾನಕ್ಕೆ ಅಂಜಿ. ಆ ಒಂದು ರುಜುವಿನಿಂದ ಅವನು ಬಿಟ್ಟುಕೊಡುವುದು ಎರಡು ವರ್ಷದ ಅನ್ನದ ಆಸರೆಯನ್ನು. ಸ್ವಯಂ ನಿವೃತ್ತಿಯ ಮೊತ್ತ ಕೆಲವೊಮ್ಮೆ ದೊಡ್ಡದಾಗಿಯೇ ಇರುತ್ತದೆ, ನಿಜ. ಎರಡನ್ನೂ ಕಾಗದದ ಮೇಲೆ ಬರೆದು, ಕೂಡಿ ನೋಡಿ, ಆಮೇಲೆ ರುಜು ಹಾಕುವುದು ವಿವೇಕ.

ಏನನ್ನು ಕಲಿಯಬೇಕು ಎಂಬುದು ಮುಂದಿನ ಪ್ರಶ್ನೆ. ಹಳೆಯ ಕಸಬಿಗೆ ಹತ್ತಿರವಾದದ್ದನ್ನು ಕಲಿಯುವುದು ಉತ್ತಮ. ಲೇತ್ ಯಂತ್ರದಲ್ಲಿ ದುಡಿದವನನ್ನು ನೋಡಿ. ಯಾವ ಲೋಹಕ್ಕೆ ಎಷ್ಟು ವೇಗ, ಎಷ್ಟು ಆಳದ ಕೊರೆತ, ಮೈಕ್ರೋಮೀಟರಿನಲ್ಲಿ ಅಳತೆ ಹೇಗೆ, ಇವೆಲ್ಲ ಅವನಿಗೆ ಕರಗತ. ಇಂದಿನ ಸಿ.ಎನ್.ಸಿ. ಯಂತ್ರದಲ್ಲಿ ಇದೇ ಕೆಲಸವನ್ನು ಅಕ್ಷರ ಮತ್ತು ಅಂಕೆಗಳ ಆಜ್ಞೆಗಳು ಮಾಡಿಸುತ್ತವೆ. ಮಾತಾಡಲು ಬಲ್ಲವನು ವ್ಯಾಕರಣ ಕಲಿತಂತೆ, ಅವನು ಕಲಿಯಬೇಕಾದದ್ದು ಆ ಆಜ್ಞೆಗಳ ಕ್ರಮವನ್ನಷ್ಟೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇಂದು ರಾಜ್ಯದ ಹಲವು ಊರುಗಳಲ್ಲಿ ಶಾಖೆಗಳನ್ನು ಹೊಂದಿದೆ. ಇಂಥ ಅಲ್ಪಾವಧಿಯ ಪಾಠಗಳು ಅಲ್ಲಿ ಉಂಟು. ಕಲಿತಿದ್ದೂ ಪ್ರಮಾಣಪತ್ರವಿಲ್ಲದವರ ಕೌಶಲವನ್ನು ಪರೀಕ್ಷಿಸಿ ಪತ್ರ ಕೊಡುವ ಏರ್ಪಾಡು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಸೇರಿದೆ.

ಆದರೆ ಕಲಿತ ಕಸಬಿಗೆ ಊರಿನಲ್ಲಿ ಕೆಲಸವಿರಬೇಡವೆ? ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನೂರಿಪ್ಪತ್ತು ವರ್ಷ ಒಂದೇ ಉದ್ಯಮವನ್ನು ನಂಬಿದ್ದ ಊರದು. ನೆಲದಡಿಯಲ್ಲಿ ಬಂಡೆ ಕೊರೆಯುವ ವಿದ್ಯೆಗೆ ಅಲ್ಲಿ ಮತ್ತೊಬ್ಬ ಗಿರಾಕಿ ಇರಲಿಲ್ಲ. ಇಂದಿಗೂ ಅಲ್ಲಿಯ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುತ್ತಾರೆ. ತರಬೇತಿಯನ್ನು ಏರ್ಪಡಿಸುವವರು ಊರಿನ ಉದ್ಯೋಗಗಳನ್ನು ಮೊದಲು ಎಣಿಸಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಹೊರದೇಶದ ಅನುಭವವೂ ಇಲ್ಲಿ ಪಾಠ ಹೇಳುತ್ತದೆ. ಪರದೇಶದ ಸರಕಿನ ಪೈಪೋಟಿಯಿಂದ ಕೆಲಸ ಕಳೆದುಕೊಂಡವರ ತರಬೇತಿಗಾಗಿ ಅಮೆರಿಕಾ 1962ರಲ್ಲಿ ಒಂದು ಕಾನೂನು ಮಾಡಿತು. ಷರತ್ತುಗಳು ಎಷ್ಟು ಬಿಗಿಯಾಗಿದ್ದುವೆಂದರೆ 1969ರವರೆಗೆ ಒಂದು ಅರ್ಜಿಯೂ ಮಂಜೂರಾಗಲಿಲ್ಲ! 1974ರಲ್ಲಿ ಅವನ್ನು ಸಡಿಲಿಸಿದ ಮೇಲೆಯೇ ಯೋಜನೆಗೆ ಜೀವ ಬಂತು. ಮುಂದೆ, ಐವತ್ತು ದಾಟಿದವನು ಕಡಮೆ ಸಂಬಳದ ಕೆಲಸಕ್ಕೆ ಸೇರಿದರೆ, ಹಳೆಯ ಮತ್ತು ಹೊಸ ಸಂಬಳಗಳ ಅಂತರದಲ್ಲಿ ಅರ್ಧವನ್ನು ಒಂದು ಮಿತಿಯೊಳಗೆ ಎರಡು ವರ್ಷ ಸರ್ಕಾರವೇ ತುಂಬಿಕೊಡುವ ಏರ್ಪಾಡನ್ನೂ ಸೇರಿಸಿದರು. 2022ರ ಜುಲೈ 1ರಿಂದ ಆ ಯೋಜನೆ ಹೊಸಬರನ್ನು ಸೇರಿಸಿಕೊಳ್ಳುತ್ತಿಲ್ಲ. ಆದರೂ ವಯಸ್ಸಾದವನಿಗೆ ಬೇರೆ ಬಗೆಯ ಆಸರೆ ಬೇಕೆಂಬ ಅದರ ವಿಚಾರ ನಮ್ಮವರೂ ಪರಿಶೀಲಿಸತಕ್ಕದ್ದು.

ಮನೆಯಲ್ಲಿ ಯಾರಿಗಾದರೂ ಇಂಥ ಕಾಗದ ಬಂದರೆ ಮೊದಲು ಅದರ ಪದವನ್ನು ಓದಿ. ಇ.ಎಸ್.ಐ. ಶಾಖಾ ಕಛೇರಿಗೆ ಆ ತಿಂಗಳೇ ಹೋಗಿ ಅಂದಿನ ನಿಯಮವನ್ನು ಕೇಳಿ ತಿಳಿಯಿರಿ. ಇವು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವೆ. ಪರಿಹಾರದ ಹಣದಲ್ಲಿ ಒಂದು ಪಾಲನ್ನು ಕಲಿಕೆಗೆಂದು ಬೇರೆಯಿರಿಸಿ. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೂ ಈ ಹಕ್ಕುಗಳೆಲ್ಲ ಸಮಾನ. ಅವರು ತರಬೇತಿಗೆ ಹೋಗುವಾಗ ಮನೆಗೆಲಸವನ್ನು ಉಳಿದವರು ಹಂಚಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಲವತ್ತೈದರ ವಯಸ್ಸಿನಲ್ಲಿ ಪುಸ್ತಕ ಹಿಡಿದು ಹೊರಟವರನ್ನು ಕಂಡು ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಯಾರೂ ನಗದಿರಲಿ.