ಎದೆಯೊಳಗಿನ ಕ್ಯೂಸೆಕ್ ಲೆಕ್ಕ

ಮಂಡ್ಯ ಸೀಮೆಯವರು ಬೆಳಗಿನ ಪತ್ರಿಕೆ ಬಿಡಿಸಿದರೆ ಕಣ್ಣು ಮೊದಲು ಹೋಗುವುದು ಒಂದು ಪುಟ್ಟ ಚೌಕಕ್ಕೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಇಲ್ಲಿ ಟಿಎಂಸಿ, ಕ್ಯೂಸೆಕ್ ಎಂದು ತಡವರಿಸದೆ ಹೇಳುತ್ತಾಳೆ. ಹಾಗಾಗಿ ಹೃದಯದ ಮಾತನ್ನೂ ಅದೇ ಅಳತೆಯಲ್ಲಿ ಆಡೋಣ ಅನಿಸಿತು.

ಸುಮ್ಮನೆ ಕೂತ ದೊಡ್ಡವರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ದಿನಕ್ಕೆ 7,200 ಲೀಟರ್. 70 ವರ್ಷ ಬಾಳಿದರೆ 18 ಕೋಟಿ ಲೀಟರಿಗೂ ಮೇಲೆ. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್. ಅಂದರೆ 154 ಜನರ ಜೀವಮಾನದ ದುಡಿಮೆ ಕೂಡಿದರೆ ಒಂದು ಟಿಎಂಸಿ. ಕೆಆರ್‌ಎಸ್, ಅಂದರೆ ಕನ್ನಂಬಾಡಿ ಕಟ್ಟೆ ತುಂಬಿದರೆ 49.45 ಟಿಎಂಸಿ. ಆ ಸಾಗರವನ್ನು ತುಂಬಲು ಬೇಕಾದದ್ದು ಬರೀ 7,600 ಜನರ ಹೃದಯ! ಒಂದು ದೊಡ್ಡ ಊರಿನಲ್ಲಿ ಅಷ್ಟು ಜನ ಇರುತ್ತಾರೆ.

ಕ್ಯೂಸೆಕ್ಕಿನಲ್ಲೂ ನೋಡಿ. 340 ಹೃದಯಗಳ ಹರಿವು ಒಂದು ಕ್ಯೂಸೆಕ್. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಮಕ್ಕಳನ್ನೂ ದೊಡ್ಡವರ ಲೆಕ್ಕಕ್ಕೇ ಹಿಡಿದರೆ, ಜಿಲ್ಲೆಯ ಎದೆಗಳಲ್ಲಿ ಹಗಲೂ ರಾತ್ರಿ ಹರಿಯುವುದು 5,300 ಕ್ಯೂಸೆಕ್. 2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ತಮಿಳುನಾಡಿಗೆ ಬಿಡಿ ಎಂದದ್ದು 5,000 ಕ್ಯೂಸೆಕ್. ಆ ನೀರಿಗಾಗಿ ಮಂಡ್ಯ ಬೀದಿಗಿಳಿಯಿತು. ಅದಕ್ಕಿಂತ ದೊಡ್ಡ ಹೊಳೆ ನಮ್ಮ ಒಳಗೇ ಹರಿಯುತ್ತಿದೆ. ಅದರ ಮಟ್ಟವನ್ನು ಮಾತ್ರ ಯಾರೂ ಬೆಳಗ್ಗೆ ಎದ್ದು ನೋಡುವುದಿಲ್ಲ.

ನಾಲೆಗೆ ನೀರುಗಂಟಿ ಇರುವ ಹಾಗೆ ಈ ಹೊಳೆಗೂ ಒಬ್ಬನಿದ್ದಾನೆ. ಹೃದಯದ ಬಲ ಮೇಲ್ಕೋಣೆಯ ನೆತ್ತಿಯಲ್ಲಿ, ಉದ್ದ ಎರಡು ಸೆಂಟಿಮೀಟರು ಮೀರದ ಒಂದು ಜೀವಕೋಶದ ಗುಂಪು. ಅಲ್ಲಿಂದ ನಿಮಿಷಕ್ಕೆ 70 ಸಲ ವಿದ್ಯುತ್ತಿನ ಅಪ್ಪಣೆ ಹೊರಡುತ್ತದೆ. ದಿನಕ್ಕೆ 1,00,800 ಸಲ. ಒಂದು ದಿನವೂ ರಜೆಯಿಲ್ಲ. ಏಟ್ರಿಯಲ್ ಫಿಬ್ರಿಲೇಶನ್, ವೈದ್ಯರ ಬಾಯಲ್ಲಿ ‘ಎ.ಎಫ್.’, ಕನ್ನಡದಲ್ಲಿ ಹೃತ್ಕರ್ಣದ ಕಂಪನ, ಈ ನೀರುಗಂಟಿಯ ಮಾತು ನಡೆಯದೆ ಹೋಗುವ ಕಾಯಿಲೆ. ಮೇಲ್ಕೋಣೆಗಳ ಗೋಡೆಯಲ್ಲಿ ಎಲ್ಲೆಂದರಲ್ಲಿ ಕಿಡಿ ಹುಟ್ಟಿ, ನಿಮಿಷಕ್ಕೆ 350ರಿಂದ 600 ಸಲ ಅದುರುತ್ತವೆ. 400 ಎಂದೇ ಹಿಡಿಯಿರಿ: ದಿನಕ್ಕೆ 5,76,000 ಅದುರು. ಅದು ಬಡಿತವಲ್ಲ, ನಡುಕ. ಅಷ್ಟೂ ಕೆಳಕೋಣೆಗೆ ಇಳಿದರೆ ಜೀವ ನಿಲ್ಲದು. ನಡುವೆ ಇರುವ ಇನ್ನೊಂದು ಗಂಟು ತೂಬಿನ ಹಾಗೆ ಬಹುಪಾಲನ್ನು ತಡೆದು ನಿಮಿಷಕ್ಕೆ ನೂರರಿಂದ ನೂರರವತ್ತನ್ನು ಮಾತ್ರ ಬಿಡುತ್ತದೆ. ಅದೂ ಲಯವಿಲ್ಲದೆ. ‘ಎದೆ ಡವಡವ ಅಂತದೆ, ನಾಕು ಹೆಜ್ಜೆ ಹಾಕಿದ್ರೆ ಉಬ್ಬಸ’ ಎಂದು ಜನ ಹೇಳುವುದು ಇದನ್ನೇ. ಎಷ್ಟೋ ಮಂದಿಗೆ ಏನೂ ಗೊತ್ತೇ ಆಗುವುದಿಲ್ಲ. ಲೋಕದಲ್ಲಿ ಈ ಕಾಯಿಲೆ ಇರುವವರು 5 ಕೋಟಿಗೂ ಹೆಚ್ಚು.

ಹರಿವು ಕುಗ್ಗುವುದಕ್ಕಿಂತ ದೊಡ್ಡ ಭಯ ನಿಂತ ನೀರಿನದು. ಎಡ ಮೇಲ್ಕೋಣೆಯ ಪಕ್ಕಕ್ಕೆ ಹೆಬ್ಬೆರಳಿನಷ್ಟು ಒಂದು ಕಿರುಚೀಲವಿದೆ. ಕೋಣೆ ಹಿಂಡದೆ ಬರೀ ನಡುಗುತ್ತಿದ್ದರೆ ಅಲ್ಲಿ ರಕ್ತ ಮಡುಗಟ್ಟುತ್ತದೆ, ಹೆಪ್ಪುಗಟ್ಟುತ್ತದೆ. ಕವಾಟ ಚೆನ್ನಾಗಿರುವ ರೋಗಿಗಳಲ್ಲಿ ಹತ್ತು ಹೆಪ್ಪಿಗೆ ಒಂಬತ್ತು ಹುಟ್ಟುವುದು ಆ ಚೀಲದಲ್ಲೇ. ಒಂದು ಚೂರು ಕಳಚಿ ಮಿದುಳಿನ ರಕ್ತನಾಳ ಮುಚ್ಚಿದರೆ ಲಕ್ವ. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ 19 ಲಕ್ಷ ನರಕೋಶ ಸಾಯುತ್ತವೆ. ಮಳವಳ್ಳಿಯಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಒಂದು ತಾಸು ಎಂದಿಟ್ಟುಕೊಳ್ಳಿ, 11 ಕೋಟಿಗೂ ಮೀರಿದ ನರಕೋಶ. ಈ ಲೆಕ್ಕ ಮಾಡಿದ ದಿನ ನಾನು ಮುಂದೆ ಬರೆಯಲಾರದೆ ಕೂತಿದ್ದೆ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಜನರನ್ನು ದಶಕಗಟ್ಟಲೆ ಗಮನಿಸಿದ ಅಧ್ಯಯನದ ಪ್ರಕಾರ ಎ.ಎಫ್. ಇದ್ದವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು. ಜೊತೆಗೆ, ಗಂಟಲುನೋವಿನ ಹಿಂದೆ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟವೂ ಕೆಟ್ಟಿದ್ದರೆ? 17 ಪಟ್ಟು. ಈ ಹದಿನೇಳು ನಮ್ಮ ಕಡೆಯ ಸಂಖ್ಯೆ. ಶ್ರೀಮಂತ ದೇಶಗಳಲ್ಲಿ ಇದು ಹೆಚ್ಚಾಗಿ ಇಳಿವಯಸ್ಸಿನ, ರಕ್ತದೊತ್ತಡದ ಕಾಯಿಲೆ. ನಮ್ಮಲ್ಲಿ ಅದರ ಜೊತೆಗೆ, ಚಿಕ್ಕಂದಿನಲ್ಲಿ ಬಂದುಹೋದ ಗಂಟಲುನೋವಿನ ಸಾಲವನ್ನು ನಲವತ್ತರ ಹೆಂಗಸು ತೀರಿಸುತ್ತಿರುತ್ತಾಳೆ.

ಹೆಪ್ಪು ತಡೆಯುವ ಮಾತ್ರೆ ಸಿಕ್ಕಿದ್ದು ಒಂದು ಹಸುವಿನಿಂದ. 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ವರ್ಷವೇ, ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ಒಬ್ಬ ರೈತ ಹಿಮದ ಬಿರುಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬಂದ. ತಂದದ್ದು ಸತ್ತ ಕಡಸು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಒಂದಿಷ್ಟು ಕೆಟ್ಟ ಮೇವು. ದನಗಳು ಯಾಕೆ ಹೀಗೆ ರಕ್ತ ಸುರಿದು ಸಾಯುತ್ತಿವೆ ಎಂಬುದು ಅವನ ಪ್ರಶ್ನೆ. ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿ ಆ ಬೂಷ್ಟು ಹಿಡಿದ ಮೇವಿನ ಜಾಡು ಹಿಡಿದು ಹೊರಟ. 1948ರಲ್ಲಿ ಅದೇ ಜಾಡಿನ ವಾರ್ಫರಿನ್ ಇಲಿ ಪಾಷಾಣವಾಗಿ ಅಂಗಡಿಗೆ ಬಂತು. 1954ರಲ್ಲಿ ಮನುಷ್ಯರ ಮದ್ದಾಯಿತು. ಒಟ್ಟು 29 ಪರೀಕ್ಷೆಗಳ, 28,044 ರೋಗಿಗಳ ಲೆಕ್ಕ ತೆಗೆದಾಗ, ಅಳತೆ ನೋಡಿ ಕೊಟ್ಟ ವಾರ್ಫರಿನ್ ಲಕ್ವವನ್ನು 64 ಪ್ರತಿಶತ ತಗ್ಗಿಸುತ್ತದೆ ಎಂದು ಕಂಡಿತು. ದಿನಕ್ಕೆ 5 ಮಿಲಿಗ್ರಾಂ ನುಂಗುವವರು ಇಡೀ ವರ್ಷ ನುಂಗಿದ್ದನ್ನು ತೂಗಿದರೆ ಎರಡು ಗ್ರಾಂ ಕೂಡ ಆಗದು. ಒಂದು ಚಿಟಿಕೆ ಉಪ್ಪಿನಷ್ಟು ಪುಡಿ ವರ್ಷವಿಡೀ ಒಬ್ಬರ ಕೈಕಾಲು ಕಾಯುತ್ತದೆ.

ಆ ಚಿಟಿಕೆಗೆ ಎದುರಾಳಿ ನಮ್ಮ ಅಡುಗೆಮನೆಯಲ್ಲೇ ಇದೆ. ವಾರ್ಫರಿನ್, ಅದರ ಅಣ್ಣತಮ್ಮನಂಥ ಅಸಿಟ್ರೋಮ್ ಕೆಲಸ ಮಾಡುವುದು ವಿಟಮಿನ್ ‘ಕೆ’ಯನ್ನು ಅಡ್ಡಗಟ್ಟಿ. ಆ ವಿಟಮಿನ್ ಗಂಡಸಿಗೆ ದಿನಕ್ಕೆ 120 ಮೈಕ್ರೋಗ್ರಾಂ, ಹೆಂಗಸಿಗೆ 90 ಸಾಕು. ನೂರು ಗ್ರಾಂ ಹಸಿ ದಂಟಿನ ಸೊಪ್ಪಿನಲ್ಲಿ ಇರುವುದು ಸುಮಾರು 1,140. ಅಷ್ಟರಲ್ಲೇ ಗಂಡಸಿಗೆ ಒಂಬತ್ತು ಹತ್ತು ದಿನದ ದಾಸ್ತಾನು! ಸೊಪ್ಪಿಲ್ಲದೆ ಹೊತ್ತು ಹೋಗದ ಸೀಮೆ ಇದು. ಮಳೆ ಬಿದ್ದರೆ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು, ಮುದ್ದೆಗೆ ಬಸ್ಸಾರು, ಮಸ್ಸೊಪ್ಪು. ಇಲ್ಲೊಂದು ಸೂಕ್ಷ್ಮವಿದೆ. ‘ಕೆ’ ವಿಟಮಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ಬಸ್ಸಾರಿಗೆ ಬಸಿದ ಕಟ್ಟಿನಲ್ಲಿ ಅದು ಹೋಗುವುದು ಕಡಿಮೆ, ಪಲ್ಯದ ಸೊಪ್ಪಿನಲ್ಲೇ ಉಳಿಯುತ್ತದೆ. ಮಸ್ಸೊಪ್ಪಿನಲ್ಲಾದರೆ ಎಲೆ ಸಮೇತ ಅರೆದು ಹೊಟ್ಟೆಗೆ. ಒಂದೇ ಸೊಪ್ಪು, ಒಂದೇ ಒಲೆ, ಎರಡು ಸಾರು. ರಕ್ತದ ಮೇಲೆ ಎರಡು ಪರಿಣಾಮ.

‘ಸೊಪ್ಪು ಮುಟ್ಟಬೇಡಿ’ ಎಂದು ಹೆದರಿಸಿ ಕಳಿಸುವುದನ್ನು ನಾನು ಒಪ್ಪಲಾರೆ. ಈ ಮಾತ್ರೆ ನುಂಗುವವರ ರಕ್ತದ ಐಎನ್‌ಆರ್ ಎಂಬ ಅಳತೆ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಕೆಳಗಿಳಿದರೆ ಹೆಪ್ಪು, ಮೇಲೇರಿದರೆ ರಕ್ತಸ್ರಾವ. ಆ ಕಿರಿದಾದ ದಾರಿಯಲ್ಲಿ ನಡೆಯಲು ಬೇಕಾದದ್ದು ಸೊಪ್ಪು ಬಿಡುವುದಲ್ಲ, ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿನ್ನುವುದು. ಇಂಗ್ಲೆಂಡಿನಲ್ಲಿ, ಐಎನ್‌ಆರ್ ಕಾರಣವಿಲ್ಲದೆ ಏರಿಳಿಯುತ್ತಿದ್ದ 70 ಜನರ ಒಂದು ಸಣ್ಣ ಪರೀಕ್ಷೆಯಲ್ಲಿ, ಮದ್ದಿನ ವೈರಿಯಾದ ‘ಕೆ’ ವಿಟಮಿನ್ನನ್ನೇ ದಿನಕ್ಕೆ 150 ಮೈಕ್ರೋಗ್ರಾಂ ಕೊಟ್ಟು ನೋಡಿದರು. ಏರಿಳಿತ ತಗ್ಗಿತು. ವೈರಿ ದಿನಾ ಒಂದೇ ಬಲದಲ್ಲಿ ನಿಂತರೆ ಮದ್ದಿನ ಪ್ರಮಾಣ ಹೊಂದಿಸಬಹುದು. ಆಷಾಢದಲ್ಲಿ ಬುಟ್ಟಿ ತುಂಬ, ಬೇಸಿಗೆಯಲ್ಲಿ ಎಲೆಯೂ ಇಲ್ಲ ಎಂದಾದರೆ ಯಾವ ವೈದ್ಯನೂ ಹೊಂದಿಸಲಾರ. ಸೊಪ್ಪಿನ ಗೊಡವೆಯಿಲ್ಲದ ಹೊಸ ಮಾತ್ರೆಗಳು ಈಗಿವೆ, ಬಹಳ ಮಂದಿಗೆ ಅವೇ ಒಳ್ಳೆಯವು. ಆದರೆ ರುಮ್ಯಾಟಿಕ್ ಕವಾಟದವರ ಮೇಲೆ 24 ದೇಶಗಳಲ್ಲಿ 4,500ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿ ನಡೆಸಿದ, 2022ರಲ್ಲಿ ಪ್ರಕಟವಾದ ‘ಇನ್ವಿಕ್ಟಸ್’ ಪರೀಕ್ಷೆಯಲ್ಲಿ ಗೆದ್ದದ್ದು ಹಳೆಯ ಮಾತ್ರೆಯೇ. ಆದ್ದರಿಂದ ಮಸ್ಸೊಪ್ಪಿನ ಲೆಕ್ಕ ನಮ್ಮ ಮನೆಗಳಲ್ಲಿ ಇನ್ನೂ ಬಹುಕಾಲ ಇರುತ್ತದೆ.

ಡಬ್ಬಿಯ ಪೂರಕಗಳ ಕಥೆ ಬೇರೆ. ಮೀನೆಣ್ಣೆ ಗುಳಿಗೆ ಹೃದಯಕ್ಕೆ ಒಳ್ಳೆಯದೆಂದು ನಂಬಿ ನುಂಗುವವರು ಲೆಕ್ಕವಿಲ್ಲ. ಏಳು ಪರೀಕ್ಷೆಗಳ 81,210 ಜನರನ್ನು ಒಟ್ಟಿಗೆ ನೋಡಿದಾಗ 2021ರಲ್ಲಿ ಕಂಡದ್ದೇನು? ನುಂಗಿದವರಲ್ಲಿ ಎ.ಎಫ್. 25 ಪ್ರತಿಶತ ಹೆಚ್ಚು. ದಿನಕ್ಕೆ ಒಂದು ಗ್ರಾಂ ಮೀರಿದವರಲ್ಲಿ 49 ಪ್ರತಿಶತ ಹೆಚ್ಚು. ಮೆಗ್ನೀಸಿಯಂ ಕಡಿಮೆಯಾದರೆ ಲಯ ಕೆಡುತ್ತದೆ, ನಿಜ. ಆದರೆ ಆ ಗುಳಿಗೆ ನುಂಗಿದರೆ ಎ.ಎಫ್. ಬಾರದೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ನೂರು ಗ್ರಾಂ ರಾಗಿಹಿಟ್ಟಿನಲ್ಲೇ ಸುಮಾರು 140 ಮಿಲಿಗ್ರಾಂ ಮೆಗ್ನೀಸಿಯಂ ಇದೆ.

ಪೊಟ್ಯಾಸಿಯಂ ಇನ್ನೂ ಬೆರಗಿನದು. ನಮ್ಮ ರಕ್ತದ ನೀರಿನ ಭಾಗದಲ್ಲಿ, ಮೂರು ಲೀಟರಿನಷ್ಟರಲ್ಲಿ, ಕರಗಿರುವ ಪೊಟ್ಯಾಸಿಯಂ ಎಲ್ಲ ಸೇರಿ ಅರ್ಧ ಗ್ರಾಂ ಇಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿ ಏರುವ ಒಂದೇ ಒಂದು ಬುರುಡೆಯಲ್ಲಿ, ಮುನ್ನೂರು ಮಿಲಿಲೀಟರ್ ನೀರಿದ್ದರೆ, ಅದು ಮುಕ್ಕಾಲು ಗ್ರಾಂ! ಕುಡಿದರೂ ನಾವು ಬದುಕಿರುವುದು ಜೀವಕೋಶಗಳು ತಕ್ಷಣ ಒಳಕ್ಕೆ ಎಳೆದುಕೊಳ್ಳುವುದರಿಂದ, ಮೂತ್ರಪಿಂಡ ಉಳಿದದ್ದನ್ನು ಹೊರಹಾಕುವುದರಿಂದ. ಮೂತ್ರಪಿಂಡ ಸೋತವರು, ಪೊಟ್ಯಾಸಿಯಂ ಹಿಡಿದಿಡುವ ಬಿ.ಪಿ. ಮಾತ್ರೆ ನುಂಗುವವರು ಎಳನೀರಿಗೂ ವೈದ್ಯರನ್ನು ಕೇಳಬೇಕಾದದ್ದು ಇದಕ್ಕೇ. ಬಡಿತದ ವೇಗ ತಗ್ಗಿಸುವ ಡಿಜಾಕ್ಸಿನ್ ಕೂಡ ಒಂದು ಗಿಡದ ಸಂತಾನ. 1785ರಲ್ಲಿ ವಿಲಿಯಂ ವಿದರಿಂಗ್ ಆ ಬಗೆಯ ಗಿಡದ ಎಲೆಯ ಗುಣ ಬರೆದಿಟ್ಟ. ಮಾತ್ರೆಯಲ್ಲಿ ಅದು 0.25 ಮಿಲಿಗ್ರಾಂ, ಒಂದು ಗ್ರಾಂನಿಂದ 4,000 ಮಾತ್ರೆ. ನಮ್ಮ ಹಿತ್ತಲ ಕಣಗಿಲೆಯಲ್ಲೂ ಅದೇ ಜಾತಿಯ ವಿಷವಿದೆ. ಎಲೆಗೆ ಅಳತೆಯಿಲ್ಲ, ಅದನ್ನು ಅರೆದು ಕುಡಿದವರು ಬದುಕಿಗೆ ಎರವಾಗಿದ್ದಾರೆ.

ಗುಳಿಗೆಯಿಲ್ಲದೆ ಆಗುವ ಕೆಲಸ ಎರಡಿದೆ, ಎರಡಕ್ಕೂ ಸಂಖ್ಯೆಯಿದೆ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಸ್ಥೂಲಕಾಯದ 355 ರೋಗಿಗಳನ್ನು ಐದು ವರ್ಷ ಗಮನಿಸಿದರು. ನೂರು ಕೆ.ಜಿ. ತೂಗುವವರು ಹತ್ತು ಕೆ.ಜಿ. ಇಳಿಸಿ ಇಳಿಸಿದ್ದನ್ನು ಉಳಿಸಿಕೊಂಡರೆ, ಲಯ ಕೆಡದೆ ಇರುವ ಸಾಧ್ಯತೆ ಆರು ಪಟ್ಟು. ಅದೇ ದೇಶದಲ್ಲಿ ಕುಡಿತದ 140 ರೋಗಿಗಳಲ್ಲಿ ಅರ್ಧ ಜನರಿಗೆ ಮದ್ಯ ಬಿಡಲು ಹೇಳಿದಾಗ, ಕಾಯಿಲೆ ಮರುಕಳಿಸಿದ್ದು ಬಿಟ್ಟವರಲ್ಲಿ 53 ಪ್ರತಿಶತ, ಬಿಡದವರಲ್ಲಿ 73.

ಇನ್ನು ವಿದ್ಯುತ್ತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಹೊರಟ ಕರೆಂಟು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸಿತು. ಅದೇ 1905ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ವಿಲ್ಲೆಮ್ ಐಂಟ್‌ಹೋವನ್, ಆಸ್ಪತ್ರೆಯಲ್ಲಿ ಕೂತ ರೋಗಿಯ ಎದೆಬಡಿತದ ವಿದ್ಯುತ್ತನ್ನು ಟೆಲಿಫೋನ್ ತಂತಿಯಲ್ಲಿ ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡ. ಚರ್ಮದ ಮೇಲೆ ಸಿಗುವ ಆ ಕರೆಂಟು ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲು. ಅದನ್ನು ಹಿಡಿಯುವ ಯಂತ್ರದ ತೂಕ ಸುಮಾರು 270 ಕೆ.ಜಿ., ನಡೆಸಲು ಐದು ಜನ.

ಲಯ ಮರಳಿಸಲು ಇಂದು ಎದೆಗೆ ಕೊಡುವ ಶಾಕ್ ಸಾಮಾನ್ಯವಾಗಿ 200 ಜೂಲ್ ಆಸುಪಾಸು. ಇಪ್ಪತ್ತು ಕೆ.ಜಿ. ಮೂಟೆಯನ್ನು ಸೊಂಟದೆತ್ತರಕ್ಕೆ ಎತ್ತುವಷ್ಟೇ ಶಕ್ತಿ. ಆದರೆ ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಹರಿಯುವುದರಿಂದ ಆ ಗಳಿಗೆಯಲ್ಲಿ ಅದರ ಬಲ 20,000 ವಾಟ್, ಐದು ಎಚ್‌.ಪಿ.ಯ ಐದು ಪಂಪ್‌ಸೆಟ್ಟುಗಳು ಒಟ್ಟಿಗೆ ಹೊಡೆದಂತೆ. ಎ.ಎಫ್. ಶುರುವಾಗಿ ಎರಡು ದಿನ ಮೀರಿದ್ದರೆ ಸಾಮಾನ್ಯವಾಗಿ ಮೊದಲು ಮೂರು ವಾರ ಹೆಪ್ಪು ತಡೆಯುವ ಮಾತ್ರೆ ಕೊಟ್ಟೇ ಶಾಕ್ ಕೊಡುತ್ತಾರೆ. ಇಲ್ಲವಾದರೆ ಕೋಣೆ ಹಿಂಡಿದೊಡನೆ ಚೀಲದ ಹೆಪ್ಪು ಮಿದುಳಿಗೆ ಹೊರಟೀತು.

ಈ ನಡುಕ ಹೊತ್ತಿಸುವ ಮೊದಲ ಕಿಡಿ ಹೆಚ್ಚಾಗಿ ಹುಟ್ಟುವುದೆಲ್ಲಿ ಎಂಬುದು ತಿಳಿದದ್ದು 1998ರಲ್ಲಿ. ಫ್ರಾನ್ಸಿನ ಬೋರ್ಡೊದಲ್ಲಿ ಮಿಶೆಲ್ ಹೈಸಗೇರ್ ತಂಡ 45 ರೋಗಿಗಳ ಹೃದಯದೊಳಗೆ ತಂತಿ ಇಳಿಸಿ 69 ಕಿಡಿಜಾಗ ಗುರುತಿಸಿತು. ಅವುಗಳಲ್ಲಿ 65 ಶ್ವಾಸಕೋಶದಿಂದ ಬರುವ ನಾಲ್ಕು ರಕ್ತನಾಳಗಳ ಒಳಗೇ ಇದ್ದವು. ಅಂದಿನಿಂದ ಅಬ್ಲೇಶನ್ ಎಂದರೆ ಆ ನಾಲ್ಕು ನಾಳಗಳ ಬಾಯಿಗಳ ಸುತ್ತ ಬದು ಹಾಕುವ ಕೆಲಸ. ಕೆಲವರು ಕಾಯಿಸಿ ಹಾಕುತ್ತಾರೆ, ಕೆಲವರು ಸೊನ್ನೆಗಿಂತ 40 ಡಿಗ್ರಿಗೂ ಕೆಳಗೆ ತಣಿಸಿ, ಈಚೆಗೆ ಮೈಕ್ರೋಸೆಕೆಂಡುಗಳ ವಿದ್ಯುತ್ ಮಿಡಿತದಿಂದ. ತೊಡೆಯ ರಕ್ತನಾಳದಿಂದ ತಂತಿ ತೂರಿಸಿ, ಬಡಿಯುತ್ತಿರುವ ಹೃದಯದಲ್ಲಿ ಬದು ಹಾಕುವ ಆ ಕೈಗಳಿಗೆ ನನ್ನ ನಮಸ್ಕಾರ.

ಆದರೆ ನನ್ನ ಮನಸ್ಸು ನಿಲ್ಲುವುದು ಆ ಹದಿನೇಳು ಪಟ್ಟಿನ ಹತ್ತಿರ. ಗಂಟಲುನೋವಿನ ಹಿಂದೆ ರುಮ್ಯಾಟಿಕ್ ಜ್ವರ ಬಂದು ಕವಾಟಕ್ಕೆ ಪೆಟ್ಟು ಬಿದ್ದ ಮಗುವಿಗೆ ಮತ್ತೆ ಜ್ವರ ಬಾರದಂತೆ ತಡೆಯುವುದು ಬೆಂಜಥಿನ್ ಪೆನಿಸಿಲಿನ್; ದೊಡ್ಡ ಮಕ್ಕಳಿಗೆ ಒಂದು ಸಲಕ್ಕೆ 12 ಲಕ್ಷ ಯೂನಿಟ್, 21 ದಿನಕ್ಕೊಮ್ಮೆ. ವರ್ಷಕ್ಕೆ 17ಕ್ಕೂ ತುಸು ಹೆಚ್ಚು ಸೂಜಿ. ಕವಾಟದ ಹಾನಿ ಉಳಿದಿದ್ದರೆ ನಲವತ್ತು ತುಂಬುವವರೆಗೂ ಬೇಕಾಗಬಹುದು. ಹತ್ತು ವರ್ಷದ ಹುಡುಗಿಗೆ ಅದು ಸುಮಾರು 520 ಸೂಜಿ. ದಪ್ಪ ಔಷಧ, ದಪ್ಪ ಸೂಜಿ, ಎರಡು ದಿನ ಸೊಂಟ ನೋಯುತ್ತದೆ. ಕಟಾವಿನ ದಿನವೂ, ಹಬ್ಬದ ದಿನವೂ, ಪರೀಕ್ಷೆಯ ದಿನವೂ ಅದು ಬರುತ್ತದೆ. ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದನೆಯ ಮನೆಗೆ ಪೆನ್ಸಿಲಿನಿಂದ ಸುತ್ತು ಹಾಕಿ, ಮಗಳ ಕೈ ಹಿಡಿದು ಬಸ್ ಹತ್ತಿಸುವ ತಾಯಿ, 520ರಲ್ಲಿ ಅಂದಿನ ಒಂದನ್ನು ಮುಗಿಸಿಕೊಂಡು ಸಂಜೆಯೊಳಗೆ ಮನೆಗೆ ವಾಪಸಾಗುತ್ತಾಳೆ.