ಭಿನ್ನಮತಕ್ಕೂ ಒಂದು ಜಗಲಿ ಬೇಕು

ಪತ್ರಿಕೆಗಳಲ್ಲಿ ‘ಭಿನ್ನಮತ ಸ್ಫೋಟ’ ಎಂಬ ತಲೆಬರಹ ಕಂಡಾಗಲೆಲ್ಲ ನನಗೆ ನಮ್ಮ ಹಳೆಯ ಮನೆಯ ಜಗಲಿ ನೆನಪಾಗುತ್ತದೆ. 1977ರಲ್ಲಿ ನಾನು ಹೈಸ್ಕೂಲು ವಿದ್ಯಾರ್ಥಿ. ಅಪ್ಪ ಕಟ್ಟಾ ಕಾಂಗ್ರೆಸ್ಸಿಗ, ಚಿಕ್ಕಪ್ಪ ಜನತಾ ಪಕ್ಷದ ಅಭಿಮಾನಿ. ಮನೆಗೆ ಬರುತ್ತಿದ್ದುದು ಒಂದೇ ಪತ್ರಿಕೆ. ಅದನ್ನೇ ಇಬ್ಬರೂ ಓದಿ, ಕಾಫಿ ಆರಿಹೋಗುವಷ್ಟು ಹೊತ್ತು ವಾದಿಸಿ, ಕೊನೆಗೆ ಒಟ್ಟಿಗೇ ತಿಂಡಿಗೆ ಏಳುತ್ತಿದ್ದರು. ಭಿನ್ನಮತವೆಂದರೆ ಬೇರೆ ಅಭಿಪ್ರಾಯ ಎಂದಷ್ಟೇ ನಾನು ತಿಳಿದಿದ್ದೆ. ಅದು ಬಂಡಾಯದ ಇನ್ನೊಂದು ಹೆಸರಾದುದು ಹೇಗೆ?

ಉತ್ತರದ ಒಂದು ಭಾಗ ಚಿಕ್ಕಪ್ಪನ ಪಕ್ಷದ ಕಥೆಯಲ್ಲೇ ಇದೆ. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಸಂಸ್ಥಾ ಕಾಂಗ್ರೆಸ್, ಜನಸಂಘ, ಭಾರತೀಯ ಲೋಕದಳ ಹಾಗೂ ಸಮಾಜವಾದಿಗಳು ಒಂದಾದರು. ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ ಗೆದ್ದರೂ ದೆಹಲಿಯಲ್ಲಿ ಅಧಿಕಾರ ಬದಲಾಯಿತು. ಆದರೆ ಪ್ರಧಾನಿ ಯಾರೆಂಬ ಮೊದಲ ಪ್ರಶ್ನೆಯನ್ನೇ ಹೊಸ ಸಂಸದರು ಮತದಿಂದ ತೀರ್ಮಾನಿಸಲಿಲ್ಲ. ಜಯಪ್ರಕಾಶ ನಾರಾಯಣ ಮತ್ತು ಆಚಾರ್ಯ ಕೃಪಲಾನಿಯವರ ವಿವೇಚನೆಗೆ ಬಿಟ್ಟರು. ಮೊರಾರ್ಜಿ ದೇಸಾಯಿ ಪ್ರಧಾನಿಯಾದರು; ಚರಣ್ ಸಿಂಗ್, ಜಗಜೀವನರಾಮ್ ಅವರ ಅತೃಪ್ತಿ ಹಾಗೆಯೇ ಉಳಿಯಿತು. ಜನಸಂಘದಿಂದ ಬಂದವರು ಆರೆಸ್ಸೆಸ್ ನಂಟು ಉಳಿಸಿಕೊಳ್ಳಬಹುದೇ ಎಂಬ ‘ದ್ವಿಸದಸ್ಯತ್ವ’ದ ವಿವಾದವೂ ಸೇರಿಕೊಂಡಿತು. 1979ರ ಜುಲೈನಲ್ಲಿ ಮೊರಾರ್ಜಿ ಸರ್ಕಾರ ಕುಸಿಯಿತು. 1980ರ ಜನವರಿಯ ಚುನಾವಣೆಯಲ್ಲಿ ಪಕ್ಷಕ್ಕೆ ದಕ್ಕಿದ್ದು 31 ಸ್ಥಾನ. ಚಿಕ್ಕಪ್ಪ ಆ ಸಲ ಮತಗಟ್ಟೆಗೇ ಹೋಗಲಿಲ್ಲ.

ಸೆನ್ಸಾರಿನಿಂದ ಬಿಡುಗಡೆಗೊಂಡಿದ್ದ ಪತ್ರಿಕೆಗಳು ಈ ಜಗಳವನ್ನು ಬಿಡದೆ ವರದಿ ಮಾಡಿದವು. ಚಿಕ್ಕಪ್ಪ ಅವುಗಳನ್ನೇ ದೂರುತ್ತಿದ್ದರು. ಅದು ನ್ಯಾಯವಲ್ಲವೆಂದು ಈಗ ಅನ್ನಿಸುತ್ತದೆ. ಜಗಳ ನಿಜವಾಗಿತ್ತು, ಅದನ್ನು ಬಗೆಹರಿಸಲು ಎಲ್ಲರೂ ಒಪ್ಪಿದ ಪದ್ಧತಿ ಪಕ್ಷದೊಳಗೆ ಬೇರೂರಿರಲಿಲ್ಲ. ಎದುರಾಳಿಯ ಮೇಲಿನ ಸಿಟ್ಟು ಪಕ್ಷವನ್ನು ಗೆಲ್ಲಿಸೀತು, ಬಹುಕಾಲ ಹಿಡಿದಿಡಲಾರದು.

ನಮ್ಮ ಪಕ್ಷಗಳು ಕಲಿತ ಪಾಠ ಮಾತ್ರ ಬೇರೆ. ಬಾಯಿ ಮುಚ್ಚಿಸುವುದೇ ಒಗ್ಗಟ್ಟು ಎಂಬಂತಾಯಿತು. ಎಲ್ಲ ತೀರ್ಮಾನ ಹೈಕಮಾಂಡಿನದಾಯಿತು. 1985ರ ಪಕ್ಷಾಂತರ ನಿಷೇಧ ಕಾನೂನು ಅಗತ್ಯವಾಗಿತ್ತು, ನಿಜ. ಆದರೆ ಸಾಧಾರಣ ಮಸೂದೆಯ ಮೇಲೆ ವಿಪ್ ಮೀರಿ ಮತ ಹಾಕಿದರೂ ಶಾಸಕ ತನ್ನ ಸ್ಥಾನ ಕಳೆದುಕೊಳ್ಳಬಹುದು. ಒಳಗೆ ಮಾತಿಗೆ ಎಡೆಯಿಲ್ಲದಿದ್ದರೆ ಅತೃಪ್ತಿ ರೆಸಾರ್ಟಿನ ದಾರಿ ಹಿಡಿಯುತ್ತದೆ. 2019ರಲ್ಲಿ ರಾಜ್ಯದ 17 ಶಾಸಕರು ಅನರ್ಹಗೊಂಡ ಪ್ರಕರಣವನ್ನು ಕಂಡಿದ್ದೇವೆ. ಎಲ್ಲ ಅತೃಪ್ತಿಯೂ ತತ್ವದ್ದಲ್ಲ. ಆದರೆ ತತ್ವದ್ದು ಯಾವುದು, ಅಧಿಕಾರದ್ದು ಯಾವುದು ಎಂದು ಮತದಾರ ತಿಳಿಯುವುದು ಹೇಗೆ?

ಪದಾಧಿಕಾರಿಗಳು ಗುಪ್ತ ಮತದಾನದಿಂದ ಆಯ್ಕೆಯಾಗಲಿ. ಸೋತ ಅಭಿಪ್ರಾಯವೂ ಪಕ್ಷದ ನಡಾವಳಿಯಲ್ಲಿ ದಾಖಲಾಗಲಿ. ಮಾಧ್ಯಮಗಳು ಯಾರು ಯಾರ ವಿರುದ್ಧ ಎಂಬುದರ ಜೊತೆಗೆ, ಯಾವ ವಿಷಯಕ್ಕಾಗಿ ಎಂದೂ ಕೇಳಲಿ.

ಓದುಗರಾದ ನಮ್ಮ ಪಾಲೂ ಇದರಲ್ಲಿದೆ. ಚಿಕ್ಕಪ್ಪನ ಮಗನೂ ನಾನೂ ಹಬ್ಬಕ್ಕೆ ಸೇರಿದಾಗ ರಾಜಕೀಯ ಎತ್ತುವುದೇ ಇಲ್ಲ. ಅವನಿಗೊಂದು ವಾಹಿನಿ, ನನಗೊಂದು. ಇಬ್ಬರಿಗೂ ನಮ್ಮ ನಂಬಿಕೆಯನ್ನೇ ಮರಳಿ ಕೇಳಿಸುವ ನಿರೂಪಕರು. ಈ ಮೌನವನ್ನು ಸೌಹಾರ್ದವೆಂದು ಕರೆಯಲು ನನಗೆ ಮನಸ್ಸಿಲ್ಲ. ಮುಂದಿನ ಹಬ್ಬಕ್ಕೆ ನಾನೇ ಮಾತು ತೆಗೆಯಬೇಕೆಂದಿದ್ದೇನೆ. ಕಾಫಿ ಆರಿದರೆ ಆರಲಿ.